ಹಲ್ಲಿನ ಮೇಲೆ ನೀರಿನ ಬರಹ

ಮಂಡ್ಯದ ಹೆಸರನ್ನು ಕೇಳಿದೊಡನೆ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ತುಂಬಿ ಹರಿಯುವ ನಾಲೆ ಕಣ್ಣಿಗೆ ಕಟ್ಟುತ್ತವೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಒಣನೆಲವನ್ನು ಹಸಿರಾಗಿಸಿದೆ. ಮದ್ದೂರಿನ ಮಗ್ಗುಲಲ್ಲಿ ಶಿಂಷಾ ನದಿ ಹರಿಯುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮ್ಮಿಕ್ಕುತ್ತದೆ. ಇಷ್ಟು ನೀರಿರುವ ಸೀಮೆಯಲ್ಲಿ ನೀರಿನ ಚಿಂತೆ ಏಕೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಾಲೆಯ ನೀರು ಎಲ್ಲ ಊರುಗಳನ್ನೂ ಮುಟ್ಟುವುದಿಲ್ಲ. ನಾಲೆಗೆ ಎಟುಕದ ಎತ್ತರದ ನೆಲದಲ್ಲಿ ಜನರು ಬಾವಿಯನ್ನೋ ಕೊಳವೆಬಾವಿಯನ್ನೋ ಆಶ್ರಯಿಸಬೇಕಾಗುತ್ತದೆ. ನೆಲದ ಮೇಲೆ ಹರಿಯುವ ನೀರು ಒಂದು. ನೆಲದ ಕೆಳಗೆ ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಇನ್ನೊಂದು. ಕಣ್ಣಿಗೆ ಎರಡೂ ತಿಳಿಯಾಗಿಯೇ ಕಾಣಬಹುದು. ಅವುಗಳ ಭೇದವನ್ನು ಕೆಲವೊಮ್ಮೆ ಮೊದಲು ತಿಳಿಸುವುದು ಮಕ್ಕಳ ಹಲ್ಲು.

ಕೆಲವು ಮಕ್ಕಳ ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಮಚ್ಚೆಗಳು ಇರುತ್ತವೆ. ಇನ್ನು ಕೆಲವರಲ್ಲಿ ಕಂದು ಬಣ್ಣದ ಪಟ್ಟೆಗಳು ಮೂಡಿರುತ್ತವೆ. ತೊಂದರೆ ತೀವ್ರವಾದಾಗ ಹಲ್ಲಿನ ಮೇಲ್ಮೈಯಲ್ಲಿ ಸಣ್ಣ ಗುಳಿಗಳೂ ಬೀಳುತ್ತವೆ. ಇಂತಹ ಬಾಲಕ ಬಾಲಕಿಯರು ನಗುವಾಗ ಕೈಯಿಂದ ಬಾಯಿಯನ್ನು ಮರೆಮಾಡಿಕೊಳ್ಳುವುದುಂಟು. ಹಲ್ಲು ಉಜ್ಜುವುದಿಲ್ಲವೆಂದು ಹಿರಿಯರು ಗದರಿಸುವುದುಂಟು. ಕಬ್ಬು ಬೆಲ್ಲ ತಿಂದದ್ದರ ಫಲವೆಂದು ಹೇಳುವವರೂ ಇರಬಹುದು. ಇವೆರಡೂ ತಪ್ಪು ಗ್ರಹಿಕೆಗಳು. ಸಿಹಿಯಿಂದ ಆಗುವುದು ಹುಳುಕು. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಮ್ಲವನ್ನು ಉತ್ಪಾದಿಸಿ ಹಲ್ಲನ್ನು ಕೊರೆಯುತ್ತವೆ. ಈ ಕಲೆಯ ಕಾರಣವೇ ಬೇರೆ. ಆ ಕಾರಣವನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೆ ಮೂವತ್ತು ವರ್ಷಗಳು ಬೇಕಾದವು.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿಯನ್ನು ಆರಂಭಿಸಿದನು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದುದು ಅವನಿಗೆ ಸೋಜಿಗವನ್ನುಂಟುಮಾಡಿತು. ಪುಸ್ತಕಗಳಲ್ಲಿ ಅದಕ್ಕೆ ವಿವರಣೆ ದೊರೆಯಲಿಲ್ಲ. ಅವನು ಶಿಕಾಗೊ ನಗರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದ ಜಿ. ವಿ. ಬ್ಲ್ಯಾಕ್ ಅವರಿಗೆ ಪತ್ರ ಬರೆದನು. ಅಂದಿನ ದಂತವಿಜ್ಞಾನದಲ್ಲಿ ಬ್ಲ್ಯಾಕ್ ಅವರಿಗಿಂತ ದೊಡ್ಡ ಹೆಸರು ವಿರಳ. ಇಷ್ಟು ವ್ಯಾಪಕವಾದ ದೋಷವೊಂದು ಗ್ರಂಥಗಳಲ್ಲಿ ದಾಖಲಾಗದೆ ಉಳಿದಿದೆ ಎಂಬುದನ್ನು ಅವರು ಮೊದಲು ನಂಬಲಿಲ್ಲ. ಆದರೆ 1909ರಲ್ಲಿ ತಾವೇ ಅಲ್ಲಿಗೆ ಬಂದು ನೋಡಿದರು. ಆ ಪ್ರದೇಶದಲ್ಲೇ ಹುಟ್ಟಿದ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಲೆಗಳಿದ್ದವು. 1915ರಲ್ಲಿ ತೀರಿಕೊಳ್ಳುವವರೆಗೂ ಬ್ಲ್ಯಾಕ್ ಈ ಸಂಶೋಧನೆಯನ್ನು ಕೈಬಿಡಲಿಲ್ಲ.

ಅವರಿಬ್ಬರ ಪರಿಶ್ರಮದಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು, ಈ ಕಲೆ ಹೊರಗಿನಿಂದ ಅಂಟಿಕೊಂಡದ್ದಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರಲ್ಲಿ ಸೇರಿಕೊಂಡದ್ದು. ಆದ್ದರಿಂದಲೇ ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲಸಿದವರ ಹಲ್ಲಿಗೆ ಏನೂ ಆಗುತ್ತಿರಲಿಲ್ಲ. ಎರಡನೆಯದು ಇನ್ನೂ ವಿಚಿತ್ರವಾದುದು. ಕಲೆಯಿದ್ದ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆಯಾಗಿತ್ತು.

ಮೆಕೇಗೆ ನೀರಿನ ಮೇಲೆ ಸಂಶಯ ಹುಟ್ಟಿತು. ಓಕ್ಲಿ ಎಂಬ ಊರಿನಲ್ಲಿ ಹೊಸ ಕೊಳವೆಯಿಂದ ಬುಗ್ಗೆಯ ನೀರನ್ನು ತಂದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಿಸಿಕೊಂಡಿತ್ತು. ಮೆಕೇಯ ಸಲಹೆಯಂತೆ ಊರಿನವರು ಆ ನೀರನ್ನು ತೊರೆದು ಬೇರೊಂದು ಬುಗ್ಗೆಯ ನೀರನ್ನು ಬಳಸತೊಡಗಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಸದಾಗಿ ಹುಟ್ಟಿದ ಹಲ್ಲುಗಳು ಶುಭ್ರವಾಗಿದ್ದವು. ನೀರಿನಲ್ಲಿರುವ ದೋಷ ಯಾವುದೆಂಬುದು ಮಾತ್ರ ತಿಳಿಯಲಿಲ್ಲ. ಕೊನೆಗೆ 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಅವರು ಬಾಕ್ಸೈಟ್ ಎಂಬ ಊರಿನ ನೀರನ್ನು ಪರೀಕ್ಷಿಸಿದಾಗ ರಹಸ್ಯ ಹೊರಬಿದ್ದಿತು. ಅದರಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿತ್ತು. ಹಲ್ಲಿನ ಕಲೆಗೆ ದಂತ ಫ್ಲೋರೋಸಿಸ್ ಎಂಬ ಹೆಸರು ಬಂದದ್ದು ಇದರಿಂದಲೇ.

ಭಾರತದಲ್ಲಿ ಫ್ಲೋರೈಡಿನ ಕೇಡು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲಿ ಬೆಳಕಿಗೆ ಬಂದಿತು. ಅಲ್ಲಿ ಹಲ್ಲುಗಳಷ್ಟೇ ಅಲ್ಲ, ಮೂಳೆ ಕೀಲುಗಳೂ ಪೆಡಸಾಗಿದ್ದವು. ಕರ್ನಾಟಕದ ಹಲವು ಜಿಲ್ಲೆಗಳಲ್ಲಿಯೂ ಇದೇ ಸಮಸ್ಯೆಯಿದೆ. ಮಂಡ್ಯ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಮಿತಿಗಿಂತ ಹೆಚ್ಚಿನ ಫ್ಲೋರೈಡ್ ಇರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯು ಗುರುತಿಸಿದೆ. ಈ ಸೀಮೆಯ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿಬಂಡೆ. ಅದರಲ್ಲಿ ಫ್ಲೋರೈಡ್ ಉಳ್ಳ ಖನಿಜಗಳು ಇರುತ್ತವೆ. ಮಳೆಯ ನೀರು ಬಿರುಕುಗಳಲ್ಲಿ ಇಳಿದು ಬಹುಕಾಲ ನಿಂತಾಗ ಈ ಖನಿಜಗಳ ಅಂಶವು ಕರಗಿ ನೀರಿಗೆ ಬರುತ್ತದೆ. ಹರಿಯುವ ನದಿಯ ನೀರಿಗೆ ಬಂಡೆಯೊಡನೆ ಅಷ್ಟು ಕಾಲದ ಸಹವಾಸವಿಲ್ಲ. ಅದರಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಒಂದು ಮಿಲಿಗ್ರಾಂ ಎಂದರೆ ಸಾವಿರ ಲೀಟರ್ ನೀರಿನಲ್ಲಿ ಕೇವಲ ಒಂದು ಗ್ರಾಂ. ಇಷ್ಟು ಅಲ್ಪ ಪ್ರಮಾಣವು ಹಲ್ಲನ್ನು ಹುಳುಕಿನಿಂದ ಕಾಪಾಡುತ್ತದೆ. ಸ್ವಲ್ಪ ಮಿತಿಮೀರಿದರೆ ಅದೇ ವಸ್ತು ಹಲ್ಲನ್ನು ಕೆಡಿಸುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಯಾವ ಊರಿನ ನೀರು ಮಿತಿಮೀರಿದೆ ಎಂಬುದನ್ನು ತಿಳಿಯುವುದು ಹೇಗೆ? ಇಲ್ಲಿ ದಂತ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರ ಕೆಲಸ ಬಹು ಮುಖ್ಯವಾಗುತ್ತದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಬಳಿಕ ರಾಜ್ಯದ ಇತರ ನಗರಗಳಲ್ಲಿಯೂ ಇಂತಹ ಕಾಲೇಜುಗಳು ಹುಟ್ಟಿಕೊಂಡವು. ರೋಗಿ ತಮ್ಮ ಬಳಿಗೆ ಬರಲೆಂದು ಕಾಯದೆ, ಊರಿನ ಮಕ್ಕಳನ್ನೆಲ್ಲ ನೋಡಲು ತಾವೇ ಹೋಗುವುದು ಸಮುದಾಯ ದಂತವಿಜ್ಞಾನದ ಕ್ರಮ. ಸಂಶೋಧಕರು ಶಾಲೆಯ ಅಂಗಳದಲ್ಲಿ, ಒಳ್ಳೆಯ ಬೆಳಕಿನಲ್ಲಿ, ಮಕ್ಕಳ ಹಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಮಗು ಹುಟ್ಟಿದ ಊರು ಯಾವುದು, ಎಳೆತನದಲ್ಲಿ ಕುಡಿದ ನೀರು ಯಾವುದು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಟ್ರೆಂಡ್ಲಿ ಡೀನ್ ಎಂಬ ಅಮೆರಿಕದ ದಂತವಿಜ್ಞಾನಿ ರೂಪಿಸಿದ ಅಳತೆಯಂತೆ ಕಲೆಯ ತೀವ್ರತೆಯನ್ನು ನಿರ್ದೋಷದಿಂದ ತೀವ್ರದವರೆಗೆ ಆರು ವರ್ಗಗಳಲ್ಲಿ ಗುರುತಿಸುತ್ತಾರೆ. ಆ ಊರಿನ ನೀರಿನ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಎರಡನ್ನೂ ಹೋಲಿಸಿ ನೋಡುತ್ತಾರೆ. ದಾವಣಗೆರೆಯ ಗ್ರಾಮಾಂತರ ಪ್ರದೇಶದಲ್ಲಿ ನಡೆದ ಇಂತಹ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಎಣಿಕೆ, ಬರವಣಿಗೆ, ಹೋಲಿಕೆ ಎಂಬ ಈ ಸರಳ ಕಾರ್ಯಗಳೇ ಮೆಕೇ ಮತ್ತು ಬ್ಲ್ಯಾಕ್ ಅವರು ಹಿಡಿದ ದಾರಿ.

ಈ ಕೆಲಸಕ್ಕೆ ಅವಸರವೂ ಇದೆ. ಮೂರನೆಯ ದವಡೆಹಲ್ಲನ್ನು ಬಿಟ್ಟರೆ, ಶಾಶ್ವತ ಹಲ್ಲುಗಳ ಹೊರಪದರವು ಹುಟ್ಟಿನಿಂದ ಸುಮಾರು ಎಂಟು ವರ್ಷಗಳೊಳಗೆ ರೂಪುಗೊಳ್ಳುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯವಾದ ಚರ್ಮ ಮಾಯುತ್ತದೆ. ಒಮ್ಮೆ ಕೆಟ್ಟ ಆ ಪದರ ಮಾತ್ರ ತಾನಾಗಿ ಮತ್ತೆ ಬೆಳೆಯುವುದಿಲ್ಲ. ದಂತವೈದ್ಯರು ಕಲೆಯನ್ನು ಮರೆಮಾಡಬಲ್ಲರು; ಕಳೆದ ಬಾಲ್ಯವನ್ನು ಮರಳಿ ತರಲಾರರು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಮೂಡಿದ ಕಲೆಯನ್ನು ನೀರು ಬದಲಿಸಿ ಅಳಿಸಲಾಗದು. ಆದರೆ ಅವನ ಮನೆಯ ತೊಟ್ಟಿಲಲ್ಲಿರುವ ತಂಗಿಯನ್ನು ಅದರಿಂದ ಕಾಪಾಡಬಹುದು.

ನೀರನ್ನು ಕುದಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಕುದಿಸಿದಾಗ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಶುದ್ಧೀಕರಿಸಿದ ನದಿಯ ನೀರನ್ನು ಹಳ್ಳಿಗಳಿಗೆ ತರುವುದು, ಶುಚಿಯಾಗಿ ಸಂಗ್ರಹಿಸಿದ ಮಳೆನೀರನ್ನು ಬಳಸುವುದು ಉತ್ತಮ ಉಪಾಯಗಳು. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣವನ್ನು ಬೆರೆಸಿ, ಫ್ಲೋರೈಡನ್ನು ಗಸಿಯೊಡನೆ ತಳಕ್ಕಿಳಿಸಿ ಬೇರ್ಪಡಿಸುತ್ತಾರೆ. ಯಾವ ಉಪಾಯವನ್ನು ಕೈಗೊಳ್ಳಬೇಕಾದರೂ ಮೊದಲು ಆಗಬೇಕಾದದ್ದು ನೀರಿನ ಪರೀಕ್ಷೆ.

ಹಲ್ಲಿನ ಕಲೆಯು ಮಗುವಿನ ಸೋಮಾರಿತನದ ಗುರುತಲ್ಲ. ಅದು ಎಳೆತನದಲ್ಲಿ ಕುಡಿದ ನೀರು ಬರೆದಿಟ್ಟ ಬರಹ. ಅದನ್ನು ಓದಬಲ್ಲವರು ಮಗುವನ್ನು ಗದರಿಸುವುದಿಲ್ಲ, ಬಾವಿಯನ್ನು ಪರೀಕ್ಷಿಸುತ್ತಾರೆ.