ತಾರೀಖು ಮರೆತ ಗಡಿಯಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಈ ಸೀಮೆಯ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ, 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಶಾಸನವನ್ನು ಓದುವವನು ಮೊದಲು ಹುಡುಕುವುದು ಕಾಲಸೂಚನೆಯನ್ನು. ಶಕವರ್ಷದ ಸಂಖ್ಯೆಯೂ ಸಂವತ್ಸರದ ಹೆಸರೂ ಜೊತೆಯಾಗಿ ದೊರೆತರೆ ಅವನಿಗೆ ನೆಮ್ಮದಿ. ಕಲ್ಲು ಚಕ್ಕೆಯೆದ್ದು ಶಕವರ್ಷ ಅಳಿಸಿಹೋಗಿ, ಬರಿಯ ‘ವಿಕಾರಿ ಸಂವತ್ಸರ’ವಷ್ಟೇ ಉಳಿದಿದ್ದರೆ ತೊಡಕು ಪ್ರಾರಂಭವಾಯಿತೆಂದೇ ತಿಳಿಯಬೇಕು. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. 1959ರಲ್ಲಿ ಬಂದ ವಿಕಾರಿಯೇ 2019ರಲ್ಲಿಯೂ ಬಂದಿತು. ಇದು ಯಾವ ಸುತ್ತಿನ ವಿಕಾರಿ ಎಂದರೆ ಕಲ್ಲು ಹೇಳದು.

2019ರಲ್ಲಿ ವಿಕಾರಿ ಸಂವತ್ಸರದ ಯುಗಾದಿ ಏಪ್ರಿಲ್ 6, ಶನಿವಾರ. ಮರುದಿನ ಮುಂಜಾನೆ, ಹಬ್ಬದ ಆಯಾಸದಲ್ಲಿದ್ದ ಮನೆಗಳು ಕಣ್ತೆರೆಯುವ ಮುನ್ನ, ಐದೂವರೆ ಗಂಟೆಯ ಹೊತ್ತಿಗೆ, ಇದೇ ತೊಡಕು ಆಕಾಶದಿಂದ ಇಳಿದು ಬಂದಿತು.

ಅಮೆರಿಕದ ಜಿಪಿಎಸ್ ಉಪಗ್ರಹಗಳು ಕಾಲವನ್ನು 1980ರ ಜನವರಿ 6ರಿಂದ ವಾರಗಳ ಲೆಕ್ಕದಲ್ಲಿ ಎಣಿಸುತ್ತವೆ. ಆದರೆ ಅವು ಬಿತ್ತರಿಸುವ ಮೂಲ ಸಂಕೇತದಲ್ಲಿ ಈ ಎಣಿಕೆಗೆ ದೊರೆತಿರುವ ಸ್ಥಳ ಕಿರಿದು. ಸೊನ್ನೆಯಿಂದ 1023ರವರೆಗೆ ಎಣಿಸಿದ ಮೇಲೆ ಮತ್ತೆ ಸೊನ್ನೆಗೇ ಮರಳಬೇಕು. 1024 ವಾರಗಳೆಂದರೆ ಹತ್ತೊಂಬತ್ತೂವರೆ ವರ್ಷಕ್ಕೆ ತುಸು ಹೆಚ್ಚು. ಮೊದಲ ಸುತ್ತು 1999ರ ಆಗಸ್ಟ್ 22ರಂದು ಮುಗಿದಿತ್ತು. ಎರಡನೆಯದು ಮುಗಿದದ್ದು ಯುಗಾದಿಯ ಮರುದಿನ. ಹೊಸ ಯಂತ್ರಗಳು ಸುತ್ತುಗಳ ಲೆಕ್ಕವನ್ನೂ ಇಟ್ಟುಕೊಂಡಿದ್ದವು. ಆ ಲೆಕ್ಕವಿಡದ ಹಳೆಯ ಗ್ರಾಹಕ ಯಂತ್ರಗಳಾದರೋ ಅಂದು 1999ರ ಆಗಸ್ಟ್ 22 ಎಂದು ಘೋಷಿಸಿದವು. ಸೋಜಿಗವೆಂದರೆ, ವಾರ ತಪ್ಪಲಿಲ್ಲ. ಆ ದಿನವೂ ಭಾನುವಾರ, ಈ ದಿನವೂ ಭಾನುವಾರ. ಸೆಕೆಂಡೂ ತಪ್ಪಲಿಲ್ಲ. ಇಸವಿಯನ್ನು ಮರೆತ ಯಂತ್ರವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲನ್ನು ಮಾತ್ರ ಮೊದಲಿನಂತೆಯೇ ಕರಾರುವಾಕ್ಕಾಗಿ ಹೇಳುತ್ತಲಿದ್ದಿತು.

ಜಿಪಿಎಸ್ ಎಂದೊಡನೆ ದಾರಿ ತೋರುವ ಸಾಧನವೆಂದೇ ಜನರು ಭಾವಿಸುವುದುಂಟು. ಮೂಲದಲ್ಲಿ ಅದು ಗಡಿಯಾರಗಳ ಒಂದು ಬಳಗ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣು ಗಡಿಯಾರಗಳಿವೆ. ನಾಲ್ಕು ಉಪಗ್ರಹಗಳ ದನಿಯನ್ನು ಆಲಿಸಿದ ಗ್ರಾಹಕವು ನಾಲ್ಕು ಅಜ್ಞಾತಗಳನ್ನು ಬಿಡಿಸುತ್ತದೆ: ಮೂರು ತಾನಿರುವ ಸ್ಥಳಕ್ಕೆ ಸಂಬಂಧಿಸಿದವು, ನಾಲ್ಕನೆಯದು ಕಾಲ. ಪಯಣಿಗನು ಮೊದಲ ಮೂರನ್ನು ಪಡೆದು ನಾಲ್ಕನೆಯದನ್ನು ಬಿಸುಡುತ್ತಾನೆ. ಕಾಲವನ್ನು ಅರಸುವವನು ಆ ನಾಲ್ಕನೆಯದನ್ನೇ ಎತ್ತಿಕೊಳ್ಳುತ್ತಾನೆ. ಗ್ರಾಹಕವನ್ನು ಮಾಳಿಗೆಯ ಮೇಲೆ ಸ್ಥಿರವಾಗಿ ನಿಲ್ಲಿಸಿ, ಅದರ ನೆಲೆಯನ್ನು ಒಮ್ಮೆ ನಿಖರವಾಗಿ ಗೊತ್ತುಮಾಡಿಬಿಟ್ಟರೆ, ಆಮೇಲೆ ಒಂದೇ ಉಪಗ್ರಹ ಕಂಡರೂ ಸಾಕು. ಕಾಲಮಾಪನಕ್ಕೆಂದೇ ತಯಾರಾದ ಹಳೆಯ ಗ್ರಾಹಕಗಳು ಸೆಕೆಂಡಿಗೊಂದು ವಿದ್ಯುತ್ ಮಿಡಿತವನ್ನು ಹೊರಗೆ ಕಳುಹಿಸುತ್ತವೆ. ಆ ಮಿಡಿತದ ತಪ್ಪು ಸಾಮಾನ್ಯವಾಗಿ ಮೈಕ್ರೋಸೆಕೆಂಡಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಮೈಕ್ರೋಸೆಕೆಂಡ್ ಎಂಬುದೇ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಮಾಳಿಗೆಯಿಂದ ಕೋಣೆಗೆ ಇಳಿಯುವ 20 ಮೀಟರ್ ತಂತಿಯಲ್ಲಿ ಹರಿದು ಬರಲು ಸಂಕೇತಕ್ಕೆ ಹಿಡಿಯುವ ಕಾಲವೇ ಅಷ್ಟಾಗುತ್ತದೆ! ಅದನ್ನೂ ಅಳೆದು ಕಳೆಯಬೇಕು.

ಇಷ್ಟು ಸೂಕ್ಷ್ಮ ಯಾರಿಗೆ ಬೇಕು ಎಂದು ಕೇಳಬಹುದು. ಉತ್ತರ ಕೋಲಾರದ ಬಳಿಯಲ್ಲಿಯೇ ಇದೆ.

ಕೋಲಾರ ಸೀಮೆಗೆ ದೂರದ ವಿದ್ಯುತ್ತು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಚಿನ್ನದ ಗಣಿಗಳಿಗೆ ಶಕ್ತಿಯನ್ನು ತರಲಾಯಿತು. ಅಂದಿನ ಜಗತ್ತಿನ ಅತಿ ದೀರ್ಘ ವಿದ್ಯುನ್ಮಾರ್ಗಗಳಲ್ಲಿ ಅದೊಂದು. ಒಂದು ಶತಮಾನ ಕಳೆದು 2003ರಲ್ಲಿ ಬಂದ ತಂತಿ ಅದಕ್ಕೆ ಸುಮಾರು ಹತ್ತರಷ್ಟು ಉದ್ದದ್ದು. ಒಡಿಶಾದ ತಾಲ್ಚೇರಿನಿಂದ ಹೊರಟು ಆಂಧ್ರವನ್ನು ಹಾಯ್ದು ಕೋಲಾರಕ್ಕೆ ಬರುವ ಈ ಮಾರ್ಗದಲ್ಲಿ 500 ಕಿಲೋವೋಲ್ಟ್ ಒತ್ತಡದ ಏಕಮುಖ ವಿದ್ಯುತ್ತು ಹರಿಯುತ್ತದೆ. ಮೊದಲು 2000 ಮೆಗಾವಾಟ್ ಇದ್ದ ಸಾಮರ್ಥ್ಯವನ್ನು ಬಳಿಕ 2500ಕ್ಕೆ ಏರಿಸಲಾಯಿತು. ಕೋಲಾರದ ಕೇಂದ್ರದಲ್ಲಿ ಅದನ್ನು ಮನೆಬಳಕೆಯ ಜಾತಿಯ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ದಕ್ಷಿಣದ ಜಾಲಕ್ಕೆ ಸೇರಿಸುತ್ತಾರೆ.

ಅಷ್ಟು ದೊಡ್ಡ ಹೊಳೆ ಒಮ್ಮೆಲೇ ನಿಂತರೆ ಜಾಲದ ಸಮತೋಲ ಕೆಡುತ್ತದೆ. ಅದನ್ನು ಉಳಿಸಲು ಎಲ್ಲಿಯೋ ದೀಪಗಳನ್ನು ಆರಿಸಬೇಕಾಗಿ ಬರಬಹುದು. ಮುಳಬಾಗಿಲಿನ ರೈತನು ಕೊಳವೆಬಾವಿಯ ಪಂಪು ಓಡಲೆಂದು ‘ತ್ರೀ ಫೇಸ್’ಗಾಗಿ ಕಾದಿರುವ ಹೊತ್ತು, ಬೆಂಗಳೂರಿನ ಮನೆಯಲ್ಲಿ ಮಗು ಪರೀಕ್ಷೆಗೆ ಓದುತ್ತಿರುವ ಹೊತ್ತು ಅದಾಗಿರಲೂಬಹುದು. ತಂತಿಗೆ ಸಿಡಿಲು ಬಡಿದಿದೆ ಎಂದಿಟ್ಟುಕೊಳ್ಳೋಣ. ಸುಮಾರು 1400 ಕಿಲೋಮೀಟರ್ ಹಾದಿಯಲ್ಲಿ, ಕಾಡು ಬೆಟ್ಟಗಳ ನಡುವೆ, ಯಾವ ಕಂಬದ ಬಳಿ? ಕೆಲಸಗಾರರನ್ನು ಎಲ್ಲಿಗೆ ಕಳುಹಿಸುವುದು?

ಇಂತಹ ದೀರ್ಘ ಮಾರ್ಗಗಳಲ್ಲಿ ಉತ್ತರವನ್ನು ಗಡಿಯಾರಗಳು ಹೇಳಬಲ್ಲವು. ಏಟು ಬಿದ್ದೆಡೆಯಿಂದ ಒಂದು ವಿದ್ಯುತ್ ಅಲೆ ಎರಡೂ ಕಡೆಗೆ ಬೆಳಕಿಗೆ ಸಮೀಪವಾದ ವೇಗದಿಂದ ಧಾವಿಸುತ್ತದೆ. ಅದು ಕೋಲಾರವನ್ನು ಮುಟ್ಟಿದ ಕ್ಷಣವನ್ನೂ ತಾಲ್ಚೇರನ್ನು ಮುಟ್ಟಿದ ಕ್ಷಣವನ್ನೂ ಬರೆದಿಟ್ಟುಕೊಂಡರೆ ಉಳಿದದ್ದು ಶಾಲೆಯ ಲೆಕ್ಕ. ಕೋಲಾರಕ್ಕೆ ಅಲೆ ಸೆಕೆಂಡಿನ ಸಾವಿರದ ಎರಡು ಪಾಲಿನಷ್ಟು ಮೊದಲು ಬಂದರೆ, ಎರಡು ದೂರಗಳ ವ್ಯತ್ಯಾಸ 600 ಕಿಲೋಮೀಟರ್. ಆದ್ದರಿಂದ ಏಟು ಬಿದ್ದದ್ದು ಕೋಲಾರದಿಂದ 400 ಕಿಲೋಮೀಟರಿನಲ್ಲಿ. ಎರಡು ಕಡೆಯ ಗಡಿಯಾರಗಳ ನಡುವೆ ಒಂದು ಮೈಕ್ರೋಸೆಕೆಂಡ್ ಹೊಂದಿಕೆ ತಪ್ಪಿದರೆ ಉತ್ತರದಲ್ಲಿ 150 ಮೀಟರ್ ತಪ್ಪು. ಅಷ್ಟಾದರೆ ಸರಿಯಾದ ಕಂಬದ ಆಸುಪಾಸಿಗೇ ತಲುಪಬಹುದು. ಸೆಕೆಂಡಿನ ಸಾವಿರದ ಒಂದು ಪಾಲು ತಪ್ಪಿದರೋ, 150 ಕಿಲೋಮೀಟರ್ ಆಚೆ ಕಾಡಿನಲ್ಲಿ ಅಲೆಯಬೇಕಾದೀತು.

ಹಳೆಯ ಗ್ರಾಹಕದ ಬೆಲೆ ಇಲ್ಲಿ ತಿಳಿಯುತ್ತದೆ. ಅದರ ಮಿಡಿತ ಈ ಕೆಲಸಕ್ಕೆ ಇಂದಿಗೂ ಧಾರಾಳವಾಗಿ ಸಾಲುತ್ತದೆ. ಕೆಡುಕು ಬರುವುದು ತಾರೀಖಿನಿಂದ. ಒಂದು ತುದಿಯ ಯಂತ್ರ ಇಪ್ಪತ್ತು ವರ್ಷ ಹಿಂದಿನ ಇಸವಿಯನ್ನು ನಮೂದಿಸಿದರೆ, ಗಣಕಯಂತ್ರವು ಎರಡು ದಾಖಲೆಗಳನ್ನು ಒಂದೇ ಘಟನೆಯವೆಂದು ಗುರುತಿಸದೆ ಹೋಗಬಹುದು. ಮದ್ದು ಸರಳವಾದದ್ದು: ಯಂತ್ರ ಹೇಳಿದ ದಿನಕ್ಕೆ 7168 ದಿನಗಳನ್ನು ಕೂಡಿಸುವ ಒಂದು ಸಣ್ಣ ಕ್ರಮವಿಧಿಯನ್ನು ಗಣಕದಲ್ಲಿ ಬರೆದುಬಿಟ್ಟರಾಯಿತು. ಅಳಿಸಿಹೋದ ಶಕವರ್ಷವನ್ನು ಸಂಶೋಧಕನು ಬೇರೆ ಆಧಾರದಿಂದ ತುಂಬುವುದೂ ಹೀಗೆಯೇ. ಜಗತ್ತಿನ ಅನೇಕ ಕಡೆ, ಕಳಚಿ ಹಾಕಿದ ಮೊಬೈಲ್ ಗೋಪುರಗಳಿಂದ ಗುಜರಿಗೆ ಬಂದ ಇಂತಹ ಗ್ರಾಹಕಗಳನ್ನು ಹವ್ಯಾಸಿಗಳು ಕೊಂಡು, ಹೀಗೆ ತಿದ್ದಿ, ಮನೆಯಲ್ಲಿಯೇ ಪ್ರಯೋಗಾಲಯಕ್ಕೆ ಒಪ್ಪುವ ಗಡಿಯಾರಗಳನ್ನು ನಡೆಸುತ್ತಿದ್ದಾರೆ. ಹಳೆಯದನ್ನು ಎಸೆಯುವ ಆತುರ ಎಲ್ಲ ವೇಳೆಯಲ್ಲಿಯೂ ಜಾಣತನವಲ್ಲ.

ಎಚ್ಚರವೂ ಬೇಕು. ಜಿಪಿಎಸ್ ಕಾಲವು ಲೋಕದ ಪ್ರಮಾಣಕಾಲಕ್ಕಿಂತ 2017ರಿಂದ 18 ಸೆಕೆಂಡ್ ಮುಂದಿದೆ. ಈ ತಿದ್ದುಪಡಿಯನ್ನು ಉಪಗ್ರಹವೇ ತಿಳಿಸುವುದಾದರೂ ಸಂದೇಶ ಪೂರ್ತಿಯಾಗಲು ಹನ್ನೆರಡೂವರೆ ನಿಮಿಷ ಬೇಕು. ಆಗತಾನೆ ಚಾಲೂ ಮಾಡಿದ ಯಂತ್ರವನ್ನು ಅಷ್ಟು ಹೊತ್ತು ನಂಬಲಾಗದು. ಇನ್ನು ಆಕಾಶವೇ ತಪ್ಪು ಹೇಳಿದರೆ? 2016ರ ಜನವರಿ 26ರಂದು, ಇಲ್ಲಿ ಗಣರಾಜ್ಯೋತ್ಸವದ ದಿನ, ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ನುಸುಳಿದ ದೋಷದಿಂದ ಅನೇಕ ಜಿಪಿಎಸ್ ಉಪಗ್ರಹಗಳು ಸುಮಾರು 13 ಮೈಕ್ರೋಸೆಕೆಂಡ್ ತಪ್ಪಾದ ತಿದ್ದುಪಡಿಯನ್ನು ಹಲವು ಗಂಟೆಗಳ ಕಾಲ ಬಿತ್ತರಿಸಿದವು. ತಂತಿಯ ಎರಡೂ ತುದಿಗಳು ಒಂದೇ ತಪ್ಪನ್ನು ಕೇಳಿದರೆ ಬಾಧಕವಿಲ್ಲ, ವ್ಯತ್ಯಾಸದಲ್ಲಿ ಅದು ಅಳಿದುಹೋಗುತ್ತದೆ. ಒಂದು ತುದಿ ಮಾತ್ರ ಕೇಳಿದರೆ ಸುಮಾರು ಎರಡು ಕಿಲೋಮೀಟರ್ ಅಂತರ!

ಪರದೇಶದ ಗಡಿಯಾರವನ್ನೇ ನಚ್ಚಿ ಕೂರಬಾರದೆಂದು ಭಾರತವು ‘ನಾವಿಕ್’ ಎಂಬ ತನ್ನದೇ ಉಪಗ್ರಹಮಾಲೆಯನ್ನು ರಚಿಸಿತು. 2013ರಲ್ಲಿ ಉದ್ಘಾಟನೆಗೊಂಡ ಅದರ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ. ಆ ಮಾಲೆಯ ಕಾಲಕ್ಕೆ ಆಧಾರವಾದ ಗಡಿಯಾರಗಳು ಅಲ್ಲಿವೆ. ಹಾದಿ ಸುಗಮವಾಗಲಿಲ್ಲ. ಮೊದಲ ಉಪಗ್ರಹದಲ್ಲಿದ್ದ ಮೂರು ವಿದೇಶೀ ಪರಮಾಣು ಗಡಿಯಾರಗಳೂ ನಿಂತುಹೋದವು. ದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವನ್ನು ಹೊತ್ತ ಎನ್‌ವಿಎಸ್-01 ಉಪಗ್ರಹವು 2023ರ ಮೇ 29ರಂದು ಮೇಲೇರಿತು. 2025ರ ಜನವರಿಯಲ್ಲಿ ಹಾರಿದ ಅದರ ತಂಗಿ ಎನ್‌ವಿಎಸ್-02 ಉದ್ದೇಶಿತ ಕಕ್ಷೆಯನ್ನು ಮುಟ್ಟಲಿಲ್ಲ. ಜಿಪಿಎಸ್‌ಗೆಂದು ಮಾಡಿದ ಹಳೆಯ ಗ್ರಾಹಕಗಳ ಕಿವಿಗೆ ನಾವಿಕ್‌ನ ದನಿ ಕೇಳಿಸದು. ಅದಕ್ಕೆ ಹೊಸ ಯಂತ್ರಗಳೇ ಬೇಕು.

ಆ ಹೊಸ ಯಂತ್ರಗಳನ್ನು ಮಾಡುವವರಿಗೂ ಒಂದು ಗಂಟು ಉಳಿದಿದೆ. ನಾವಿಕ್ ತನ್ನ ವಾರಗಳನ್ನು ಎಣಿಸತೊಡಗುವುದು 1999ರ ಆಗಸ್ಟ್ 22ರಿಂದ. ಅದರ ಆರಂಭದ ಸಂಕೇತಗಳಲ್ಲಿಯೂ ಎಣಿಕೆಗೆ ಇರುವುದು 1024 ವಾರಗಳಷ್ಟೇ ಸ್ಥಳ. ಎರಡೂ ಆಕಾಶಪಂಚಾಂಗಗಳು ಒಟ್ಟಿಗೆ ಮತ್ತೆ ಸೊನ್ನೆಗೆ ಮರಳುವುದು 2038ರ ನವೆಂಬರ್ 21ರಂದು, ಭಾನುವಾರ ಬೆಳಗಿನ ಐದೂವರೆಯ ಹೊತ್ತಿಗೆ.