ಎರಡೇ ಪಕ್ಷಗಳ ಬಿಕ್ಕಟ್ಟು: ಅಮೆರಿಕದ ಸಂಸತ್ತು ಕೆಟ್ಟದ್ದೆಲ್ಲಿ?

ಅಮೆರಿಕದ ಪ್ರತಿನಿಧಿ ಸಭೆ 2023ರ ಅಕ್ಟೋಬರ್ 3ರಂದು ತನ್ನ ಸ್ಪೀಕರ್ ಕೆವಿನ್ ಮೆಕಾರ್ಥಿ ಅವರನ್ನು 216–210 ಮತಗಳಿಂದ ಪದಚ್ಯುತಗೊಳಿಸಿತು. ಆ ದೇಶದ ಚರಿತ್ರೆಯಲ್ಲಿ ಇಂಥದ್ದು ನಡೆದದ್ದು ಅದೇ ಮೊದಲು. ಮುಂದಿನ ಮೂರು ವಾರ ಸಭೆಗೆ ಚುನಾಯಿತ ಸ್ಪೀಕರ್ ಇರಲಿಲ್ಲ. ಅದಕ್ಕೂ ಮುನ್ನ 2018–19ರಲ್ಲಿ ಖರ್ಚಿನ ಮಸೂದೆಗೆ ಒಪ್ಪಿಗೆ ಸಿಗದೆ ಸರ್ಕಾರದ ಅನೇಕ ಕಚೇರಿಗಳು 35 ದಿನ ಬಾಗಿಲು ಮುಚ್ಚಿದ್ದವು. 2025ರಲ್ಲಿ ಆ ದಾಖಲೆಯೂ ಮುರಿದು 43 ದಿನವಾಯಿತು. ಇಷ್ಟು ಹಳೆಯ ಪ್ರಜಾಪ್ರಭುತ್ವದ ಶಾಸನಸಭೆ ಹೀಗೇಕೆ ಕೈಕಟ್ಟಿ ಕೂರುತ್ತದೆ? ತಪ್ಪು ವ್ಯಕ್ತಿಗಳದೋ, ನಿಯಮಗಳದೋ?

ನಿಯಮಗಳದೇ ಎನ್ನುತ್ತಾರೆ ರಾಜ್ಯಶಾಸ್ತ್ರಜ್ಞ ಲೀ ಡ್ರಟ್‌ಮನ್. 2015ರಲ್ಲಿ ಅವರು ಬರೆದ ಪುಸ್ತಕ ಉದ್ಯಮಗಳ ಲಾಬಿ ಕುರಿತದ್ದು. ಸಂಸತ್ತು ತನ್ನ ಸಿಬ್ಬಂದಿಯನ್ನು ತಾನೇ ಕಡಿಮೆ ಮಾಡಿಕೊಂಡು, ಮಾಹಿತಿಗಾಗಿ ಲಾಬಿಗಾರರ ಮುಂದೆ ಕೈಯೊಡ್ಡುವಂತಾಯಿತು ಎಂಬುದು ಅಲ್ಲಿನ ಒಂದು ವಾದ. 2020ರ ‘ಬ್ರೇಕಿಂಗ್ ದ ಟೂ ಪಾರ್ಟಿ ಡೂಮ್ ಲೂಪ್’ ಇನ್ನೂ ಆಳಕ್ಕೆ ಇಳಿಯಿತು. ಎರಡೇ ಪಕ್ಷಗಳಿರುವುದೇ ರೋಗದ ಮೂಲ ಎಂದಿತು.

ಎರಡು ಪಕ್ಷಗಳು ಅಲ್ಲಿ ಹಿಂದಿನಿಂದಲೂ ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಹೆಸರಿಗೆ ಎರಡು, ಒಳಗೆ ನಾಲ್ಕು ಎಂಬುದು ಡ್ರಟ್‌ಮನ್ ಉತ್ತರ. ಕಳೆದ ಶತಮಾನದ ಮಧ್ಯಭಾಗದಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಉದಾರವಾದಿಗಳೂ ಇದ್ದರು, ದಕ್ಷಿಣದ ಸಂಪ್ರದಾಯವಾದಿಗಳೂ ಇದ್ದರು. ರಿಪಬ್ಲಿಕನ್ನರಲ್ಲೂ ಹಾಗೆಯೇ. 1964ರ ನಾಗರಿಕ ಹಕ್ಕುಗಳ ಮಸೂದೆಯನ್ನೇ ನೋಡಿ. ದಕ್ಷಿಣದ ಡೆಮಾಕ್ರಟರು ಮುಗಿಯದ ಭಾಷಣಗಳಿಂದ ಸೆನೆಟ್ಟನ್ನು ವಾರಗಟ್ಟಲೆ ತಡೆದು ಹಿಡಿದಿದ್ದರು. ಕೊನೆಗೆ 71–29 ಮತಗಳಿಂದ ಚರ್ಚೆಗೆ ತೆರೆ ಬಿತ್ತು. ಆ 71ರಲ್ಲಿ 27 ಮಂದಿ ರಿಪಬ್ಲಿಕನ್ನರು!

ಮುಂದಿನ ದಶಕಗಳಲ್ಲಿ ದಕ್ಷಿಣದ ಸಂಪ್ರದಾಯವಾದಿಗಳು ರಿಪಬ್ಲಿಕನ್ ಪಕ್ಷಕ್ಕೂ ಉತ್ತರದ ಉದಾರವಾದಿಗಳು ಡೆಮಾಕ್ರಟಿಕ್ ಪಕ್ಷಕ್ಕೂ ಸರಿದರು. ನಡುವಣ ಸೇತುವೆಗಳು ಕುಸಿದವು. ಅಧ್ಯಕ್ಷ, ಸೆನೆಟ್, ಪ್ರತಿನಿಧಿ ಸಭೆ ಮೂವರೂ ಒಪ್ಪಿದರೆ ಮಾತ್ರ ಸಲೀಸಾಗಿ ಸಾಗುವಂತೆ ಕಟ್ಟಿದ ಸಂವಿಧಾನ ಅದು. ರಾಜಿಯಿಲ್ಲದೆ ಅದು ನಡೆಯದು. ಎದುರಾಳಿ ಗೆದ್ದರೆ ದೇಶವೇ ಮುಳುಗಿತು ಎಂದು ಇಬ್ಬರೂ ನಂಬಿದ ಮೇಲೆ ರಾಜಿ ಎಂಬುದು ದ್ರೋಹವಾಗುತ್ತದೆ. ಬಣಗಳು ಹಲವಿದ್ದರೆ ಯಾವುದೊಂದೂ ಸರ್ವಾಧಿಕಾರ ನಡೆಸಲಾರದು ಎಂದು 1787ರಲ್ಲಿ ಜೇಮ್ಸ್ ಮ್ಯಾಡಿಸನ್ ವಾದಿಸಿದ್ದರು. ಡ್ರಟ್‌ಮನ್ ಆ ಮಾತಿಗೇ ಮರಳುತ್ತಾರೆ.

ಮದ್ದೇನು?

ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ ಎಂಬ ಪದ್ಧತಿ ಹೋಗಬೇಕು ಎನ್ನುತ್ತಾರೆ ಅವರು. 2024ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಡೊನಾಲ್ಡ್ ಟ್ರಂಪ್‌ಗೆ ಶೇ 36ರಷ್ಟು ಮತ ಬಿತ್ತು. ಆದರೂ ಅಲ್ಲಿನ 9 ಸ್ಥಾನಗಳೂ ಡೆಮಾಕ್ರಟರ ಪಾಲಾದವು. ಒಕ್ಲಹಾಮದಲ್ಲಿ ಕಮಲಾ ಹ್ಯಾರಿಸ್ ಸುಮಾರು ಶೇ 32 ಮತ ಪಡೆದರು. ಐದಕ್ಕೆ ಐದೂ ಸ್ಥಾನ ರಿಪಬ್ಲಿಕನ್ನರಿಗೆ. ಸೋತ ಆ ಮೂರನೇ ಒಂದು ಭಾಗದ ಮತದಾರರಿಗೆ ಸಭೆಯಲ್ಲಿ ತಮ್ಮವರೆಂಬುವರಿಲ್ಲ.

ಇದಕ್ಕೆ ಬದಲಾಗಿ ದೊಡ್ಡ ಕ್ಷೇತ್ರ, ಹಲವು ಪ್ರತಿನಿಧಿಗಳು, ಪ್ರಾಶಸ್ತ್ಯದ ಮತ ಇರಲಿ ಎಂಬುದು ಸಲಹೆ. ನಮ್ಮ ವಿಧಾನಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ 1, 2, 3 ಎಂದು ಬರೆಯುವ ಕ್ರಮ ಗೊತ್ತು. ಅಲ್ಲಿ ಗೆಲ್ಲುವವನು ಒಬ್ಬನೇ. ಶಾಸಕರು ರಾಜ್ಯಸಭೆಗೆ ಮತ ಹಾಕುವಾಗ ಸ್ಥಾನಗಳು ಹಲವು. ನಾಲ್ಕು ಸ್ಥಾನಗಳಿದ್ದರೆ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮತ ಪಡೆದವರಿಗೆ ಒಂದು ಸ್ಥಾನ ಖಚಿತ. ಸಣ್ಣ ಪಕ್ಷಕ್ಕೆ ಉಸಿರಾಡಲು ಜಾಗ ಸಿಗುವುದು ಈ ಲೆಕ್ಕದಲ್ಲೇ. ಐರ್ಲೆಂಡ್ ತನ್ನ ಸಂಸತ್ತನ್ನು ಹೀಗೆಯೇ ಆರಿಸುತ್ತದೆ.

ಆಕ್ಷೇಪಗಳು ಹಗುರವಲ್ಲ. ಅಧ್ಯಕ್ಷೀಯ ಪದ್ಧತಿ ಮತ್ತು ಬಹುಪಕ್ಷ ಪದ್ಧತಿ ಎರಡೂ ಕೂಡಿಬಾಳುವುದು ಕಷ್ಟ ಎಂದು ಸ್ಕಾಟ್ ಮೇನ್‌ವಾರಿಂಗ್ 1993ರಲ್ಲೇ ಎಚ್ಚರಿಸಿದ್ದರು. ಜನರೂ ಹಿಂಜರಿಯುತ್ತಾರೆ. 2024ರ ನವೆಂಬರ್‌ನಲ್ಲಿ ಕೊಲರಾಡೊ, ಐಡಾಹೊ, ನೆವಾಡ, ಒರೆಗಾನ್ ರಾಜ್ಯಗಳ ಮತದಾರರು ಪ್ರಾಶಸ್ತ್ಯ ಮತದ ಪ್ರಸ್ತಾವಗಳನ್ನು ತಳ್ಳಿಹಾಕಿದರು. ಸ್ಥಾನ ಒಂದೇ ಇರುವಲ್ಲಿ ಈ ಮತಪದ್ಧತಿಯೊಂದರಿಂದಲೇ ಹೊಸ ಪಕ್ಷಗಳು ಹುಟ್ಟಲಾರವು ಎಂದು ಡ್ರಟ್‌ಮನ್ ಕೂಡ ನಂತರ ತಮ್ಮ ನಿಲುವನ್ನು ತಿದ್ದಿಕೊಂಡರು. ಒಬ್ಬ ಅಭ್ಯರ್ಥಿಯನ್ನು ಹಲವು ಪಕ್ಷಗಳು ತಮ್ಮವನೆಂದು ಮತಪತ್ರದಲ್ಲಿ ಕಾಣಿಸುವ ನ್ಯೂಯಾರ್ಕ್ ಕ್ರಮದತ್ತ ಒಲವು ತೋರಿದರು.

ಎಲ್ಲಕ್ಕಿಂತ ಗಟ್ಟಿ ಗಂಟು ಬೇರೆಯೇ ಇದೆ. ಪ್ರತಿನಿಧಿ ಸಭೆಗೆ ಒಂಟಿ ಸದಸ್ಯ ಕ್ಷೇತ್ರಗಳೇ ಇರಬೇಕೆನ್ನುವುದು ಸಂವಿಧಾನವಲ್ಲ, 1967ರ ಒಂದು ಕಾನೂನು. ಅದನ್ನು ಸಂಸತ್ತೇ ಬದಲಿಸಬಹುದು. ಆದರೆ ಬದಲಿಸಬೇಕಾದವರು ಅದೇ ನಿಯಮದಿಂದ ಗೆದ್ದು ಬಂದವರು. ನ್ಯೂಜಿಲೆಂಡಿನಲ್ಲಿ 1993ರ ಜನಮತಗಣನೆ ಆ ಗಂಟನ್ನು ಬಿಚ್ಚಿತು. 1996ರಿಂದ ಅಲ್ಲಿ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿ ಬಂತು. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಜನಮತಗಣನೆಗೆ ಅವಕಾಶವೇ ಇಲ್ಲ. ಅಲ್ಲಿನ ಮತದಾರ ತನ್ನ ಪ್ರತಿನಿಧಿಯನ್ನು ಬದಲಿಸಬಲ್ಲ. ಅವನನ್ನು ಆರಿಸುವ ನಿಯಮವನ್ನು ಬದಲಿಸಲು ಮಾತ್ರ ಆ ಪ್ರತಿನಿಧಿಯನ್ನೇ ಕೇಳಬೇಕು.