ಯಂತ್ರದ ಬುದ್ಧಿ, ನಮ್ಮ ಇಚ್ಛೆ: ಲಾ ಹೋಯಾದಿಂದ ಒಂದು ನೋಟ

ಕಳೆದ ವರ್ಷ ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ಸುದ್ದಿ ಬಂದದ್ದು ಕುಟುಂಬದ ವಾಟ್ಸಾಪ್ ಗುಂಪಿಗೆ. ನಾನಾಗ ಲಾ ಹೋಯಾದಲ್ಲಿ, ಕಚೇರಿಯ ಮುಂದೆ ನಿಲ್ಲಿಸಿದ್ದ ಕಾರಿನಲ್ಲಿ ಕುಳಿತಿದ್ದೆ. 'ಓಂ' ಎಂದು ಬರೆಯುತ್ತಿದ್ದಂತೆಯೇ ಫೋನು 'ಶಾಂತಿ' ಎಂಬ ಮುಂದಿನ ಪದವನ್ನು ತಾನೇ ತೋರಿಸಿತು, ಪಕ್ಕದಲ್ಲಿ ಕೈಮುಗಿದ ಚಿತ್ರವನ್ನೂ ಇಟ್ಟಿತು. ಒತ್ತಿದೆ, ಕಳಿಸಿದೆ, ಮೀಟಿಂಗಿಗೆ ಹೋದೆ. ಎರಡು ವಾರದ ಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿದಾಗ ಅವರು ಬೇಸರವಿಲ್ಲದೆ ಹೇಳಿದರು: "ನಿನ್ನ ಮೆಸೇಜು ಬಂತಪ್ಪ. ಎಲ್ಲರದ್ದೂ ಅದೇ ಇತ್ತು. ನೀನು ಫೋನ್ ಮಾಡ್ತೀಯೇನೋ ಅಂತ ಕಾದೆ."

ಆ ಎರಡು ಪದಗಳನ್ನು ಕಳಿಸಿದ್ದು ನಾನೋ, ಫೋನೋ? ಯಂತ್ರಕ್ಕೆ ಸ್ವಂತ ಇಚ್ಛೆ ಬಂದೀತೇ ಎಂದು ನಮ್ಮ ಪಾಟ್‌ಲಕ್ ಊಟಗಳಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತದೆ. ನನ್ನನ್ನು ಕಾಡಿದ್ದು ಅದರ ಇನ್ನೊಂದು ಮಗ್ಗುಲು: ನಮ್ಮ ಇಚ್ಛೆ ಎಲ್ಲಿದೆ, ಅದನ್ನು ನಾವು ಯಾವಾಗ ಕೈಬಿಡುತ್ತೇವೆ? ಈ ಪ್ರಶ್ನೆಯ ಎರಡೂ ಮಗ್ಗುಲಿಗೆ ಸಂಬಂಧಿಸಿದ ಮಹತ್ವದ ಕೆಲಸ ನಡೆದದ್ದು ನಾವು ದಿನವೂ ಓಡಾಡುವ ಟಾರಿ ಪೈನ್ಸ್ ರಸ್ತೆಯ ಆಸುಪಾಸಿನಲ್ಲೇ.

ಒಂದೇ ರಸ್ತೆ, ಎರಡು ವಿಚಾರ

ಪೋಲಿಯೊ ಲಸಿಕೆಯ ಜೋನಾಸ್ ಸಾಲ್ಕ್ ಸ್ಥಾಪಿಸಿದ ಸಾಲ್ಕ್ ಸಂಸ್ಥೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಅಹಮದಾಬಾದಿನ ಐಐಎಂ ಕಟ್ಟಡವನ್ನು ರೂಪಿಸಿದ ಲೂಯಿ ಕಾನ್ ಅವರೇ ಇದರ ವಾಸ್ತುಶಿಲ್ಪಿ. ಡಿಎನ್ಎಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1970ರ ದಶಕದ ಉತ್ತರಾರ್ಧದಲ್ಲಿ ಇಲ್ಲಿಗೆ ಬಂದು ಮಿದುಳಿನ ಅಧ್ಯಯನಕ್ಕೆ ತೊಡಗಿದರು. 1994ರಲ್ಲಿ ಬಂದ 'ದಿ ಅಸ್ಟಾನಿಶಿಂಗ್ ಹೈಪಾಥಿಸಿಸ್' ಪುಸ್ತಕದ ತಿರುಳು ಇದು: ನಮ್ಮ ಸುಖ, ದುಃಖ, ನೆನಪು, 'ನಾನು' ಎಂಬ ಭಾವ, ಇಚ್ಛಾ ಸ್ವಾತಂತ್ರ್ಯ ಎಲ್ಲವೂ ನರಕೋಶಗಳ ದೊಡ್ಡ ಸಮೂಹವೊಂದರ ವರ್ತನೆ, ಅಷ್ಟೆ.

ಹತ್ತಿರದಲ್ಲೇ ಇರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಆವರಣದಲ್ಲಿ ಇನ್ನೊಂದು ವಿಚಾರ ಬೆಳೆಯುತ್ತಿತ್ತು. ಮಿದುಳು ನರಕೋಶಗಳ ಜಾಲವಾದರೆ, ಅಂಥದ್ದೇ ಜಾಲವನ್ನು ಗಣಕದಲ್ಲಿ ಕಟ್ಟಿ ಅದಕ್ಕೆ ಕಲಿಸಬಹುದಲ್ಲವೇ? ಇಲ್ಲಿದ್ದ ಡೇವಿಡ್ ರೂಮೆಲ್‌ಹಾರ್ಟ್ ಮತ್ತು ರೊನಾಲ್ಡ್ ವಿಲಿಯಮ್ಸ್, ಹಿಂದೆ ಇಲ್ಲೇ ಸಂಶೋಧನೆ ಮಾಡಿ ಹೋಗಿದ್ದ ಜೆಫ್ರಿ ಹಿಂಟನ್ ಜೊತೆ ಸೇರಿ 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ಜಾಲಕ್ಕೆ ಕಲಿಸುವ ವಿಧಾನದತ್ತ ಜಗತ್ತಿನ ಗಮನ ಸೆಳೆಯಿತು. ಹಿಂಟನ್ 2024ರಲ್ಲಿ ಜಾನ್ ಹಾಪ್‌ಫೀಲ್ಡ್ ಜೊತೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಆ ವಿಧಾನವನ್ನು ಮದುವೆ ಮನೆಯ ಅಡುಗೆಯಿಂದ ವಿವರಿಸಬಹುದು. ಸಾರಿಗೆ ಉಪ್ಪು ಒಬ್ಬರು, ಹುಳಿ ಒಬ್ಬರು, ಖಾರ ಒಬ್ಬರು ಹಾಕುತ್ತಾರೆ. ಭಟ್ಟರು ರುಚಿ ನೋಡಿ, ತಪ್ಪಿನಲ್ಲಿ ಯಾರ ಪಾಲು ಎಷ್ಟೆಂದು ಹಿಂದಕ್ಕೆ ಲೆಕ್ಕ ಹಾಕಿ, ಪ್ರತಿಯೊಬ್ಬರ ಕೈ ಅಳತೆಯನ್ನೂ ಆ ಪಾಲಿಗೆ ತಕ್ಕಷ್ಟು ತಿದ್ದುತ್ತಾರೆ. ಹೀಗೆ ಲಕ್ಷಾಂತರ ಸಲ ತಿದ್ದಿದರೆ ಸಾರು ಹದಕ್ಕೆ ಬರುತ್ತದೆ. ಇಂದು ನಮ್ಮೊಡನೆ ಮಾತಾಡುವ ಎ.ಐ.ಗಳೂ ಹೀಗೆಯೇ ತಿದ್ದಿಸಿಕೊಂಡು ಕಲಿತಂಥವು. ಹಿಂದಿನ ಪದಗಳನ್ನು ನೋಡಿ, ಮುಂದೆ ಯಾವ ಪದ ಬರುವ ಸಂಭವ ಎಷ್ಟೆಂದು ಅವು ಲೆಕ್ಕ ಹಾಕುತ್ತವೆ.

ಹಣೆಬರಹವೂ ಅಲ್ಲ, ಲಾಟರಿಯೂ ಅಲ್ಲ

ಒಂದೇ ಪ್ರಶ್ನೆಗೆ ಎ.ಐ. ಬೇರೆ ಬೇರೆ ಉತ್ತರ ಕೊಡುವುದನ್ನು ನೋಡಿ, ಅದು ಇಷ್ಟಬಂದಂತೆ ಆಯ್ದುಕೊಳ್ಳುತ್ತಿದೆ ಎನ್ನುವವರಿದ್ದಾರೆ. ಸಂಭವನೀಯ ಪದಗಳಲ್ಲಿ ಒಂದನ್ನು ಆರಿಸುವಾಗ ಚೀಟಿ ಎತ್ತಿದಂಥ ಆಕಸ್ಮಿಕವನ್ನು ಸೇರಿಸಿರುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ಚೀಟಿ ಎತ್ತುವುದು ಸ್ವಾತಂತ್ರ್ಯವಲ್ಲ. ಎಲ್ಲವೂ ಹಣೆಬರಹವಾದರೆ ಇಚ್ಛೆಗೆ ಜಾಗವಿಲ್ಲ. ಎಲ್ಲವೂ ಲಾಟರಿಯಾದರೂ ಜಾಗವಿಲ್ಲ. ದೈವ ದೊಡ್ಡದೋ, ಪುರುಷಪ್ರಯತ್ನ ದೊಡ್ಡದೋ ಎಂಬ ನಮ್ಮ ಹಿರಿಯರ ವಾದ ಮುಗಿಯದೇ ಉಳಿದಿರುವುದೂ ಈ ಇಕ್ಕಟ್ಟಿನಿಂದಲೇ.

ಮನುಷ್ಯರ ವಿಷಯದಲ್ಲೂ ವಿಜ್ಞಾನ ನೆಮ್ಮದಿ ಕೊಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಾಗವಹಿಸಿದವರು ತಮಗೆ ಬೇಕೆನಿಸಿದಾಗ ಕೈ ಆಡಿಸಬೇಕಿತ್ತು. ಮಿದುಳಿನ ವಿದ್ಯುತ್ ಸಿದ್ಧತೆ ಚಲನೆಗೆ ಅರ್ಧ ಸೆಕೆಂಡಿಗೂ ತುಸು ಮೊದಲೇ ಶುರುವಾಗಿತ್ತು. 'ಆಡಿಸಬೇಕು' ಎಂಬ ಅರಿವು ಮೂಡಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು ಮಾತ್ರ. ಹಾಗಾದರೆ ನಿರ್ಧಾರ ನಮ್ಮದೇ? ಆ ಸಿದ್ಧತೆಯೆಂಬುದು ಮಿದುಳಿನ ಸಹಜ ಏರಿಳಿತವೇ ಇರಬಹುದು ಎಂದು 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ವಾದಿಸಿದರು. ಚರ್ಚೆ ಇನ್ನೂ ನಡೆದಿದೆ. ಆದರೆ ಲಿಬೆಟ್ ತಾವೇ ಒಂದು ಬಾಗಿಲನ್ನು ತೆರೆದಿಟ್ಟಿದ್ದರು. ಅರಿವು ಮೂಡಿದ ಮೇಲೆ ಉಳಿಯುವ ಆ ಚೂರು ಸಮಯದಲ್ಲಿ ನಾವು 'ಬೇಡ' ಎನ್ನಬಹುದು, ಬೆರಳನ್ನು ತಡೆಯಬಹುದು.

ಸ್ಯಾನ್ ಡಿಯೇಗೋ ಆವರಣದ ತತ್ತ್ವಜ್ಞಾನಿ ಪೆಟ್ರೀಷಿಯಾ ಚರ್ಚ್‌ಲ್ಯಾಂಡ್ ಬೇರೆ ದಾರಿಯಿಂದ ಇದರ ಹತ್ತಿರಕ್ಕೇ ಬರುತ್ತಾರೆ. ಕಾರಣವೇ ಇಲ್ಲದ ಇಚ್ಛೆಯನ್ನು ಹುಡುಕುವುದಕ್ಕಿಂತ, ಮಿದುಳು ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು ಹೇಗೆಂದು ಕೇಳುವುದೇ ಹೆಚ್ಚು ಉಪಯುಕ್ತ ಎನ್ನುವುದು ಅವರ ನಿಲುವು. ಸಂಯಮ ಎಂದು ನಾವು ಕರೆಯುವುದು ಇದನ್ನೇ. ಅಭ್ಯಾಸದಿಂದ ಅದು ಬೆಳೆಯುತ್ತದೆ, ಅಭ್ಯಾಸ ತಪ್ಪಿದರೆ ಸೊರಗುತ್ತದೆ.

ತಡೆಯುವ ಕ್ಷಣ ಯಾರ ಕೈಲಿ?

ಈಗಿನ ತಂತ್ರಜ್ಞಾನ ಸಮಾಜದ ಮೇಲೆ ಮಾಡುತ್ತಿರುವ ದೊಡ್ಡ ಪರಿಣಾಮ ಇಲ್ಲಿದೆ ಎಂದು ನನ್ನ ಎಣಿಕೆ. ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ವಾಕ್ಯ ಮುಗಿಸುವ ಮೊದಲೇ ಮುಂದಿನ ಪದ ಕಾಯುತ್ತಿರುತ್ತದೆ. ಆಲೋಚನೆಗೆಂದು ಇದ್ದ ಆ ಚೂರು ಸಮಯ ತುಂಬಿಹೋಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮ್ಮಲ್ಲಿದೆ. ಈಗ ಆತುರವನ್ನೇ ಕೊಟ್ಟು ಬುದ್ಧಿಯನ್ನು ಯಂತ್ರದಿಂದ ಕಡ ತಂದುಕೊಳ್ಳಿ ಎನ್ನುತ್ತಿದ್ದೇವೆ.

ಇದು ವಾಟ್ಸಾಪಿಗಷ್ಟೇ ಸೀಮಿತವಲ್ಲ. 2020ರ ನವೆಂಬರಿನಲ್ಲಿ ನಾವು ಕ್ಯಾಲಿಫೋರ್ನಿಯಾದವರು 25ನೇ ಪ್ರಸ್ತಾವದ ಮೇಲೆ ಮತ ಹಾಕಿದೆವು. ಹಣದ ಜಾಮೀನನ್ನು ತೆಗೆದು, ವಿಚಾರಣೆಗೆ ಮುನ್ನ ಯಾರನ್ನು ಬಿಡಬಹುದು ಎಂಬುದಕ್ಕೆ ಅಪಾಯದ ಅಂದಾಜು ಮಾಡುವ ಲೆಕ್ಕದ ಸಾಧನವನ್ನು ತರುವ ಪ್ರಸ್ತಾವ ಅದು. ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ಬಡವರು ಜೈಲಿನಲ್ಲಿ ಕೊಳೆಯಬಾರದು ಎಂಬ ಬೆಂಬಲಿಗರ ವಾದದಲ್ಲಿ ನ್ಯಾಯವಿತ್ತು. ವಿರೋಧಿಗಳಲ್ಲಿ ಜಾಮೀನು ವ್ಯಾಪಾರಿಗಳೂ ಇದ್ದರು. ಹಳೆಯ ಪೊಲೀಸ್ ದಾಖಲೆಯಿಂದ ಕಲಿತ ಲೆಕ್ಕ ಹಳೆಯ ಅನ್ಯಾಯವನ್ನೇ ಮರಳಿ ಕೊಡುತ್ತದೆ ಎಂದ ನಾಗರಿಕ ಹಕ್ಕುಗಳ ಸಂಘಟನೆಗಳೂ ಇದ್ದವು. ಶೇಕಡಾ ಸುಮಾರು 56 ಮಂದಿ ಬೇಡವೆಂದರು.

ಆ ಮತಪತ್ರವನ್ನು ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆ. ಮನುಷ್ಯ ನ್ಯಾಯಾಧೀಶರೂ ತಪ್ಪುತ್ತಾರೆ. ಆದರೆ ಅವರನ್ನು 'ಯಾಕೆ?' ಎಂದು ಕೇಳಬಹುದು, ಅವರು ಉತ್ತರಿಸಬೇಕು. 'ಯಂತ್ರ ಹೀಗೆ ಹೇಳಿತು' ಎಂದು ಸಹಿ ಹಾಕುವವರಿಂದ ಆ ಉತ್ತರ ಸಿಗುವುದಿಲ್ಲ. ಸಾಲ, ಉದ್ಯೋಗ, ಆಸ್ಪತ್ರೆ, ಎಲ್ಲಿಯೇ ಆಗಲಿ, ಯಂತ್ರ ಸಲಹೆ ಕೊಡಲಿ. ಆದರೆ ಆ ಸಲಹೆಯನ್ನು ತಡೆದು ನಿಲ್ಲಿಸುವ ಅಧಿಕಾರವೂ ಬಿಡುವೂ ಒಬ್ಬ ಮನುಷ್ಯನಿಗೆ ಇರಬೇಕು. ಬಿಡುವಿಲ್ಲದ ಅಧಿಕಾರ ಹೆಸರಿಗೆ ಮಾತ್ರ.

ಯಂತ್ರಕ್ಕೆ ಮುಂದೊಂದು ದಿನ ಇಚ್ಛೆ ಬಂದೀತೇ ಎಂಬುದನ್ನು ಈ ರಸ್ತೆಯ ವಿಜ್ಞಾನಿಗಳೇ ವಾದಿಸಲಿ. ಅಂದು ಕಾರಿನಲ್ಲಿ ನನ್ನ ಬೆರಳನ್ನು ಯಾರೂ ಬಲವಂತವಾಗಿ ಒತ್ತಿಸಲಿಲ್ಲ. ತಡೆಯಬಹುದಿತ್ತು, ತಡೆಯಲಿಲ್ಲ, ಆ ತಪ್ಪು ನನ್ನದೇ. ಫೋನು ಪದ ಸೂಚಿಸುವುದನ್ನು ಈಗ ನಿಲ್ಲಿಸಿದ್ದೇನೆ. ನಿಧಾನವಾಗುತ್ತದೆ, ಕನ್ನಡದ ಒತ್ತಕ್ಷರಗಳು ತಪ್ಪುತ್ತವೆ. ಶನಿವಾರ ರಾತ್ರಿ, ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆಯಾದಾಗ, ಚಿಕ್ಕಮ್ಮನಿಗೆ ಫೋನ್ ಮಾಡುತ್ತೇನೆ. ಏನು ಹೇಳಬೇಕೆಂದು ಕೆಲವು ಸಲ ತೋಚುವುದಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ, ಆಮೇಲೆ ಅವರೇ "ಊಟ ಆಯ್ತಾ?" ಎನ್ನುತ್ತಾರೆ.